ಒಂದೇ ವಸ್ತು, ಹಲವು ಕೆಲಸ: ರಾಸಾಯನಿಕ ಬಂಧದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯಲ್ಲಿ ರಸಾಯನಶಾಸ್ತ್ರ ಕಲಿಸುವ ಕೆಲಸ ನನ್ನದು. ಕ್ಲಾಸಿನಲ್ಲಿ, ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಓದುಗರ ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕೇಳಿದವರ ಮಾತನ್ನು ಹೆಚ್ಚು ತಿದ್ದಿಲ್ಲ. ಸುಲಭದವು ಮೊದಲು, ಕಷ್ಟದವು ಆಮೇಲೆ. ಯಾವುದಾದರೂ ಒಂದನ್ನೇ ಓದಿದರೂ ಅರ್ಥವಾಗುತ್ತದೆ.

## ಶುರುವಿಗೆ

"ಬಂಧ ಬಂಧ ಅಂತೀರಲ್ಲ ಮೇಡಂ, ಅದು ನಿಜವಾಗಿ ಎಂತದು? ದಾರದ ಹಾಗೆ ಏನಾದ್ರೂ ಉಂಟಾ ನಡುವೆ?"

ದಾರವೂ ಇಲ್ಲ, ಅಂಟೂ ಇಲ್ಲ. ಎರಡು ಪರಮಾಣು ಹತ್ತಿರ ಬಂದಾಗ ಅವುಗಳ ಹೊರಗಿನ ಎಲೆಕ್ಟ್ರಾನುಗಳಿಗೆ ಎರಡೂ ಕಡೆಯ ನ್ಯೂಕ್ಲಿಯಸ್ಸಿನ ಸೆಳೆತ ಸಿಗುತ್ತದೆ. ಹಾಗಿದ್ದರೆ ಒಟ್ಟು ಶಕ್ತಿ ಕಡಿಮೆ. ಕಡಿಮೆ ಶಕ್ತಿಯ ಜಾಗ ಬಿಟ್ಟು ಯಾವ ಪರಮಾಣುವೂ ತಾನಾಗಿ ಹೊರಡುವುದಿಲ್ಲ. ಈ ಸ್ಥಿತಿಗೇ ಬಂಧ ಅಂತ ಹೆಸರು.

ಎಲೆಕ್ಟ್ರಾನು ಎಲ್ಲಿ ನಿಂತಿದೆ ಅನ್ನುವುದನ್ನು ನೋಡಿ ಬಂಧದ ಜಾತಿ ಹೇಳುತ್ತೇವೆ. ಇಬ್ಬರು ಹಂಚಿಕೊಂಡರೆ ಸಹವೇಲೆನ್ಸಿ. ಒಬ್ಬ ಕೊಟ್ಟು ಇನ್ನೊಬ್ಬ ತೆಗೆದುಕೊಂಡರೆ ಅಯಾನಿಕ, ಅಡುಗೆ ಉಪ್ಪಿನ ಹಾಗೆ. ಎಲ್ಲರೂ ಒಟ್ಟುಗೂಡಿಸಿ ಇಡೀ ಊರಿಗೇ ಬಿಟ್ಟುಕೊಟ್ಟರೆ ಲೋಹೀಯ. ಇವಲ್ಲದೆ ಹೈಡ್ರೋಜನ್ ಬಂಧ, ವಾನ್ ಡರ್ ವಾಲ್ಸ್ ಸೆಳೆತ ಅಂತ ಬಲ ಕಡಿಮೆಯವೂ ಇವೆ. ಎಷ್ಟು ಕಡಿಮೆ? ಒಂದು ಮೋಲ್ (ರಸಾಯನಶಾಸ್ತ್ರದಲ್ಲಿ ಎಣಿಕೆಯ ಅಳತೆ) ಕಾರ್ಬನ್-ಕಾರ್ಬನ್ ಒಂಟಿ ಬಂಧ ಒಡೆಯಲು ಸುಮಾರು 350 ಕಿಲೋಜೌಲ್ ಬೇಕು. ನೀರಿನ ಹೈಡ್ರೋಜನ್ ಬಂಧಕ್ಕೆ ಸುಮಾರು 20 ಸಾಕು. ವಸ್ತು ವಿನ್ಯಾಸ ಮಾಡುವವರಿಗೆ ಈ ಅಂತರವೇ ಬಂಡವಾಳ.

"ಪೆನ್ಸಿಲ್ ಕಡ್ಡಿಯೂ ಕಾರ್ಬನ್, ವಜ್ರವೂ ಕಾರ್ಬನ್. ಹಾಗಾದ್ರೆ ಗುಣ ಇಷ್ಟು ಬೇರೆ ಯಾಕೆ?"

ವಜ್ರದಲ್ಲಿ ಒಂದೊಂದು ಕಾರ್ಬನ್ನೂ ನಾಲ್ಕು ಕಡೆ ಗಟ್ಟಿಯಾಗಿ ಕೈ ಹಿಡಿದಿರುತ್ತದೆ. ಹೊರಗಿನ ನಾಲ್ಕೂ ಎಲೆಕ್ಟ್ರಾನು ಬಂಧದಲ್ಲೇ ಖರ್ಚು. ಹಾಗಾಗಿ ಕರೆಂಟು ಹರಿಯುವುದಿಲ್ಲ. ಆದರೆ ಶಾಖ ತಾಮ್ರಕ್ಕಿಂತ ಸುಮಾರು ಐದು ಪಟ್ಟು ಚೆನ್ನಾಗಿ ಹರಿಯುತ್ತದೆ, ಯಾಕೆಂದರೆ ಬಿಗಿಯಾದ ಬಂಧಗಳ ಜಾಲದಲ್ಲಿ ಕಂಪನ ಸಲೀಸಾಗಿ ಓಡುತ್ತದೆ.

ಗ್ರಾಫೈಟ್‌ನಲ್ಲಿ ಮೂರೇ ಕೈ. ನಾಲ್ಕನೆಯ ಎಲೆಕ್ಟ್ರಾನು ಇಡೀ ಪದರದ ಮೇಲೆ ಹರಡಿಕೊಳ್ಳುತ್ತದೆ, ಕರೆಂಟು ಒಯ್ಯುತ್ತದೆ. ಪದರದೊಳಗೆ ಪರಮಾಣುಗಳ ಅಂತರ 0.142 ನ್ಯಾನೋಮೀಟರ್, ಪದರ ಪದರದ ನಡುವೆ 0.335. ಅಲ್ಲಿ ಸೆಳೆತ ಕಡಿಮೆ, ಪದರ ಜಾರುತ್ತದೆ. ಪೆನ್ಸಿಲ್ ಬರೆಯುವುದು ಹಾಗೆ. ಅದೇ ಸಂದಿಯೊಳಗೆ ಲಿಥಿಯಂ ಹೋಗಿ ಕೂರುತ್ತದೆ, ನಿಮ್ಮ ಮೊಬೈಲ್ ಬ್ಯಾಟರಿ ಚಾರ್ಜ್ ಆಗುವುದು ಹಾಗೆ. ಒಂದೇ ಗ್ರಾಫೈಟು: ಕರೆಂಟಿಗೆ ಪದರದೊಳಗಿನ ಬಂಧ, ಜಾರುವುದಕ್ಕೂ ಲಿಥಿಯಂ ಇಟ್ಟುಕೊಳ್ಳುವುದಕ್ಕೂ ಪದರಗಳ ನಡುವಿನ ಸಡಿಲ ಸೆಳೆತ. ಬಹುಕಾರ್ಯದ ವಸ್ತು ಅಂದರೆ ನನ್ನ ಲೆಕ್ಕದಲ್ಲಿ ಇದೇ: ಬೇರೆ ಬೇರೆ ಬಂಧಕ್ಕೆ ಬೇರೆ ಬೇರೆ ಕೆಲಸ ಹಂಚಿರಬೇಕು.

"ಮಲ್ಟಿಫಂಕ್ಷನಲ್ ಅಂದ್ರೆ ಮೊಬೈಲ್ ಹಾಗೆ ಹತ್ತು ಕೆಲಸ ಮಾಡುವುದಾ?"

ಮೊಬೈಲ್ ಒಂದು ವಸ್ತು ಅಲ್ಲ, ಹತ್ತಾರು ವಸ್ತು ಜೋಡಿಸಿದ ಯಂತ್ರ. ಅದರ ಟಚ್ ಪರದೆಯಲ್ಲಿರುವ ತೆಳು ಲೇಪ ನೋಡಿ: ಇಂಡಿಯಂ ಆಕ್ಸೈಡಿಗೆ ಸ್ವಲ್ಪ ತವರ ಸೇರಿಸಿದ್ದು. ಅದು ಗಾಜಿನ ಹಾಗೆ ಬೆಳಕು ಬಿಡುತ್ತದೆ, ಲೋಹದ ಹಾಗೆ ಕರೆಂಟೂ ಒಯ್ಯುತ್ತದೆ. ಸಾಮಾನ್ಯವಾಗಿ ಇವೆರಡೂ ಒಟ್ಟಿಗೆ ಬರುವುದಿಲ್ಲ. ಇದು ಒಂದೇ ವಸ್ತು ಎರಡು ಕೆಲಸ ಮಾಡುವುದು.

## ನಮ್ಮ ಸುತ್ತಲಿನದು

"ಹಸಿ ಮಣ್ಣು ನೀರಿಗೆ ಕದಡಿ ಹೋಗ್ತದೆ. ಅದೇ ಮಣ್ಣಿನ ಹೆಂಚು ಇಷ್ಟು ಮಳೆಗಾಲ ತಡೀತದೆ. ಬೆಂಕಿ ಎಂತ ಮಾಡಿತು?"

1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣು ಹತ್ತಿರದಲ್ಲೇ ಸಿಗುತ್ತಿತ್ತು. ಜೇಡಿಯೊಳಗೆ ಸಿಲಿಕಾನ್-ಆಕ್ಸಿಜನ್‌ನ ಪದರ, ಅದಕ್ಕೆ ಅಂಟಿದ ಅಲ್ಯುಮಿನಿಯಂ-ಆಕ್ಸಿಜನ್‌ನ ಪದರ. ಪದರದೊಳಗೆ ಬಂಧ ಬಲು ಗಟ್ಟಿ. ಒಂದು ಪದರಕ್ಕೂ ಮುಂದಿನದಕ್ಕೂ ನಡುವೆ ಮಾತ್ರ ಹೈಡ್ರೋಜನ್ ಬಂಧ. ಕಣಕಣಗಳ ನಡುವೆ ನೀರು ಸೇರಿದರೆ ಜಾರುತ್ತವೆ, ಅದಕ್ಕೇ ಅಚ್ಚಿಗೆ ಒತ್ತಿದ ಆಕಾರಕ್ಕೆ ಬರುತ್ತದೆ.

ಭಟ್ಟಿಯಲ್ಲಿ ಸುಮಾರು 500-600 ಡಿಗ್ರಿ ದಾಟಿದಾಗ ಪದರಕ್ಕೆ ಅಂಟಿದ ಹೈಡ್ರಾಕ್ಸಿಲ್ (ಆಕ್ಸಿಜನ್-ಹೈಡ್ರೋಜನ್) ಗುಂಪುಗಳು ನೀರಾಗಿ ಹೊರಟು ಹೋಗುತ್ತವೆ. ಬಿಸಿ ಇನ್ನೂ ಏರಿದಾಗ ಕಣಗಳು ಪಕ್ಕದ ಕಣಗಳ ಜೊತೆ ಸಿಲಿಕಾನ್-ಆಕ್ಸಿಜನ್ ಬಂಧ ಕಟ್ಟಿಕೊಂಡು ಬೆಸೆದುಕೊಳ್ಳುತ್ತವೆ. ಇನ್ನು ನೀರು ಹಾಕಿದರೆ ಮಣ್ಣಾಗುವುದಿಲ್ಲ. ಮಣ್ಣಿನ ಕಬ್ಬಿಣ ಕೆಂಪು ಆಕ್ಸೈಡಾಗಿ ಬಣ್ಣ ಕೊಡುತ್ತದೆ. ಒಳಗೆ ಉಳಿದ ಸಣ್ಣ ಸಣ್ಣ ರಂಧ್ರ ಬಿಸಿಲನ್ನು ಸ್ವಲ್ಪ ತಡೆಯುತ್ತದೆ. ಹೆಂಚಿನ ಮನೆಯ ಅಟ್ಟದಲ್ಲೂ ಏಪ್ರಿಲ್ ಮಧ್ಯಾಹ್ನ ಕೂರಬಹುದು, ತಗಡಿನ ಮಾಡಿನ ಕೆಳಗೂ ಕೂರಬಹುದು. ಯಾವುದು ವಾಸಿ ಅಂತ ನಮ್ಮೂರಿನವರಿಗೆ ಹೇಳಬೇಕಾಗಿಲ್ಲ.

"ಗೇರುಬೀಜ ಸೀಳುವಾಗ ಕೈ ಸುಡ್ತದಲ್ಲ ಅಕ್ಕ, ಆ ಎಣ್ಣೆ ಉಪಯೋಗಕ್ಕೆ ಬರ್ತದಾ?"

ಬರುತ್ತದೆ. ಇಡೀ ಪುಟದಲ್ಲಿ ನನಗೆ ಅತಿ ಇಷ್ಟದ ಪ್ರಶ್ನೆ ಇದು.

ನಮ್ಮ ಅಜ್ಜಿ ಮೆಟ್ಟುಕತ್ತಿಯ ಮೇಲೆ ಕೂತು ಹಸಿ ಗೇರುಬೀಜ ಸೀಳುತ್ತಿದ್ದರು, ತೊಂಡೆಕಾಯಿ ಪಲ್ಯಕ್ಕೆ. ಮೊದಲು ಎರಡೂ ಕೈಗೆ ತೆಂಗಿನೆಣ್ಣೆ ಸವರಿಕೊಳ್ಳುತ್ತಿದ್ದರು. ನಾನು ಸವರದೆ ಒಂದು ಬೀಜ ಹಿಡಿದೆ. ಸಿಪ್ಪೆಯ ಎರಡು ಪದರದ ನಡುವೆ ಜೇನುಗೂಡಿನಂಥ ಕೋಶಗಳಿದ್ದವು. ಅಲ್ಲಿಂದ ಕಂದು ಬಣ್ಣದ ಅಂಟು ಹೆಬ್ಬೆರಳಿಗೆ ಹತ್ತಿತು. ಮರುದಿನ ಚರ್ಮ ಕಪ್ಪಾಯಿತು, ವಾರದಲ್ಲಿ ಸುಲಿದು ಬಂತು. ಮಾವಿನ ಸೊನೆ ತಾಗಿದರೂ ಹೀಗೇ ಆಗುತ್ತದೆ. ಗೇರು, ಮಾವು ಎರಡೂ ಒಂದೇ ಕುಟುಂಬದ ಮರ.

ಹಸಿ ಎಣ್ಣೆಯಲ್ಲಿ ಮುಖ್ಯವಾಗಿ ಇರುವುದು ಅನಕಾರ್ಡಿಕ್ ಆಮ್ಲ. ಬಿಸಿ ಮಾಡಿದರೆ ಅದರಿಂದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ಕಾರ್ಡನಾಲ್ ಉಳಿಯುತ್ತದೆ. ಕಾರ್ಡನಾಲ್ ಅಣುವಿನಲ್ಲಿ ಮೂರು ಭಾಗ. ಒಂದು, ಹೈಡ್ರಾಕ್ಸಿಲ್ ಇರುವ ಫೀನಾಲ್ ಉಂಗುರ. ಎರಡು, ಹದಿನೈದು ಕಾರ್ಬನ್‌ನ ಉದ್ದ ಬಾಲ. ಮೂರು, ಆ ಬಾಲದಲ್ಲಿ ಒಂದರಿಂದ ಮೂರರವರೆಗೆ ಜೋಡಿ ಬಂಧ. ಕೆಲವು ಅಣುಗಳಲ್ಲಿ ಒಂದೂ ಇರುವುದಿಲ್ಲ.

ಉಂಗುರ ಫಾರ್ಮಾಲ್ಡಿಹೈಡ್ ಜೊತೆ ಸೇರಿ ನಾಲ್ಕೂ ಕಡೆ ಹೆಣೆದ ರಾಳ ಆಗುತ್ತದೆ. ಬಿಸಿಗೆ ಬಗ್ಗುವುದಿಲ್ಲ, ಅದಕ್ಕೆ ಲಾರಿ, ಬಸ್ಸಿನ ಬ್ರೇಕ್ ಲೈನಿಂಗಿಗೆ ಹೋಗುತ್ತದೆ. ಬಾಲ ನೀರನ್ನು ಹತ್ತಿರ ಸೇರಿಸುವುದಿಲ್ಲ, ಜೊತೆಗೆ ರಾಳ ಗಾಜಿನಂತೆ ಚೂರಾಗದ ಹಾಗೆ ಸ್ವಲ್ಪ ಮೆದು ಕೊಡುತ್ತದೆ. ಜೋಡಿ ಬಂಧ ಗಾಳಿಯ ಆಕ್ಸಿಜನ್ ಹಿಡಿದು ವಾರ್ನಿಶಿನಂತೆ ಒಣಗುತ್ತದೆ. ಹಿಂದೆ ಮರದ ದೋಣಿಗೆ ಗೇರೆಣ್ಣೆ ಬಳಿಯುತ್ತಿದ್ದದ್ದು ಈ ಎರಡು ಕಾರಣಕ್ಕೆ. ಈಗ ಇದೇ ಕಾರ್ಡನಾಲ್‌ನಿಂದ ಎಪಾಕ್ಸಿ ಪೇಂಟು ಗಟ್ಟಿ ಮಾಡುವ ರಾಸಾಯನಿಕ ತಯಾರಿಸುತ್ತಾರೆ. ತೇವದಲ್ಲೂ ಗಟ್ಟಿಯಾಗುವುದರಿಂದ ಹಡಗಿಗೆ ಹೇಳಿ ಮಾಡಿಸಿದ್ದು. ಬೀಜ ತಿಂದು ಸಿಪ್ಪೆ ಸುಡುವುದು ನನ್ನ ಪ್ರಕಾರ ದೊಡ್ಡ ನಷ್ಟ.

"ಹಾಳೆ ತಟ್ಟೆಗೆ ಗಮ್ ಹಾಕ್ತಾರಾ? ಇಲ್ಲಾಂದ್ರೆ ಆಕಾರ ಹೇಗೆ ನಿಲ್ತದೆ?"

ಗಮ್ ಬೇಡ. ಅಡಿಕೆ ಹಾಳೆಯ ನಾರು ಸೆಲ್ಯುಲೋಸ್. ಅದರ ಸರಪಳಿಗಳು ಒಂದಕ್ಕೊಂದು ಅಸಂಖ್ಯ ಹೈಡ್ರೋಜನ್ ಬಂಧದಿಂದ ಹಿಡಿದುಕೊಂಡಿವೆ. ನೀರಿನಲ್ಲಿ ನೆನೆಸಿದಾಗ ನೀರಿನ ಅಣು ಆ ಬಂಧಗಳ ನಡುವೆ ನುಗ್ಗುತ್ತದೆ, ಹಾಳೆ ಮೆತ್ತಗಾಗುತ್ತದೆ. ಬಿಸಿ ಅಚ್ಚಿನಲ್ಲಿ ಒತ್ತಿದಾಗ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಕೂಡ ಮೆದುವಾಗುತ್ತದೆ, ನೀರು ಹಾರಿಹೋಗುತ್ತದೆ, ಹೊಸ ಆಕಾರದಲ್ಲಿ ಹೊಸದಾಗಿ ಬಂಧ ಕೂರುತ್ತದೆ. ತಟ್ಟೆಯ ಒಂದು ಚೂರನ್ನು ರಾತ್ರಿ ನೀರಲ್ಲಿ ಹಾಕಿಡಿ. ಬೆಳಿಗ್ಗೆ ಕೈಯಲ್ಲಿ ಬಗ್ಗಿಸಬಹುದು. ಬಗ್ಗಿಸಿ, ದಾರ ಕಟ್ಟಿ ಒಣಗಿಸಿದರೆ ಆ ಬಾಗು ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಹಿಂದಿನವರು ಮುಟ್ಟಾಳೆ (ಹಾಳೆಯ ಟೋಪಿ) ಕಟ್ಟಿದ್ದೂ ಹಾಳೆಯ ಈ ಗುಣ ನೋಡಿಯೇ.

"ಮಲ್ಪೆಯಲ್ಲಿ ಸ್ಟೀಲಿಗೂ ತುಕ್ಕು ಬರ್ತದೆ. 'ಸ್ಟೇನ್‌ಲೆಸ್' ಅಂತ ಯಾಕೆ ಹೇಳುವುದು?"

ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕನಿಷ್ಠ 10.5 ಶೇಕಡಾ ಕ್ರೋಮಿಯಂ ಇರುತ್ತದೆ. ಅದು ಆಕ್ಸಿಜನ್ ಜೊತೆ ಸೇರಿ ಮೇಲ್ಮೈಯಲ್ಲಿ ತೆಳು ಪೊರೆ ಕಟ್ಟುತ್ತದೆ. ಗೀರಿದರೂ ಮತ್ತೆ ಕಟ್ಟಿಕೊಳ್ಳುತ್ತದೆ. ಕಡಲ ಗಾಳಿಯ ಕ್ಲೋರೈಡ್ ಈ ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಸಮುದ್ರದ ಹತ್ತಿರದ ಕೆಲಸಕ್ಕೆ 2-3 ಶೇಕಡಾ ಮಾಲಿಬ್ಡಿನಂ ಇರುವ 316 ಸ್ಟೀಲ್ ಕೇಳಿ. ರೇಟು ಜಾಸ್ತಿ, ಆದರೆ ಬೋಟಿನ ಸಾಮಾನಿಗೆ ಅದೇ ಸರಿ.

## ವಿನ್ಯಾಸದ ದಾರಿ

"ಬಂಧ ನೋಡಿ ವಸ್ತು ಡಿಸೈನ್ ಮಾಡುವುದು ಅಂದ್ರೆ ಎಲ್ಲಿಂದ ಶುರು ಮಾಡುವುದು?"

ಮೊದಲು ಕೇಳುವ ಪ್ರಶ್ನೆ ಒಂದೇ: ಈ ಕೆಲಸ ಯಾವ ಎಲೆಕ್ಟ್ರಾನು ಮಾಡಬೇಕು? ಆಮೇಲೆ ತಿರುಗಿಸಲು ಕೆಲವು ಗುಂಡಿಗಳು ಸಿಗುತ್ತವೆ, ರೇಡಿಯೋದ ಹಾಗೆ.

ವಿದ್ಯುದಂಶ ಒಂದು. ಅಡುಗೆ ಉಪ್ಪು, ಮೆಗ್ನೀಸಿಯಂ ಆಕ್ಸೈಡ್ ಎರಡರ ಜೋಡಣೆಯೂ ಒಂದೇ ಥರ. ಉಪ್ಪಿನಲ್ಲಿ ಒಂದೊಂದು ಅಂಶ, ಆಕ್ಸೈಡಿನಲ್ಲಿ ಎರಡೆರಡು, ಅಂದರೆ ಸೆಳೆತ ನಾಲ್ಕು ಪಟ್ಟು. ಅಯಾನುಗಳ (ವಿದ್ಯುದಂಶ ಇರುವ ಪರಮಾಣುಗಳ) ನಡುವಿನ ಅಂತರವೂ ಕಡಿಮೆ. ಉಪ್ಪು 801 ಡಿಗ್ರಿಗೆ ಕರಗುತ್ತದೆ, ಇನ್ನೊಂದು ಸುಮಾರು 2850ಕ್ಕೆ. ಕುಲುಮೆಯ ಇಟ್ಟಿಗೆಗೆ ಯಾವುದು ಬೇಕು ಅಂತ ಇಷ್ಟರಲ್ಲೇ ಗೊತ್ತಾಯಿತು.

ಗಾತ್ರ ಇನ್ನೊಂದು. ಪೆರೋವ್‌ಸ್ಕೈಟ್ ಅನ್ನುವ ಜೋಡಣೆಯಲ್ಲಿ ದೊಡ್ಡ ಅಯಾನು, ಸಣ್ಣ ಅಯಾನು, ಆಕ್ಸಿಜನ್ ಒಂದಕ್ಕೊಂದು ಹೊಂದುತ್ತವೋ ಇಲ್ಲವೋ ಅಂತ ಅಳೆಯುವ ಸರಳ ಲೆಕ್ಕವನ್ನು ವಿಕ್ಟರ್ ಗೋಲ್ಡ್‌ಶ್ಮಿಟ್ 1926ರಲ್ಲೇ ಕೊಟ್ಟರು. ಇವತ್ತೂ ಬಳಸುತ್ತಾರೆ. ಮೂರನೆಯದು, ಎಲೆಕ್ಟ್ರಾನನ್ನು ಯಾರು ಎಷ್ಟು ಎಳೆಯುತ್ತಾರೆ ಅನ್ನುವ ಲೈನಸ್ ಪಾಲಿಂಗ್ ಅವರ ಪಟ್ಟಿ. ನಾಲ್ಕನೆಯದು, ಬಂಧಕ್ಕೆ ಬಾರದೆ ಒಂದು ಬದಿಗೆ ಕೂತ ಒಂಟಿ ಜೋಡಿ ಎಲೆಕ್ಟ್ರಾನುಗಳು. ಈ ಕೊನೆಯದನ್ನು ಕ್ಲಾಸಿನಲ್ಲಿ ಬೇಗ ಮುಗಿಸುತ್ತೇವೆ, ಆದರೆ ಹೊಸ ವಸ್ತುಗಳಲ್ಲಿ ಅರ್ಧ ಆಟ ಅದರದ್ದೇ.

"ಬೇಕಾದ ಗುಣ ಎಲ್ಲ ಒಂದೇ ವಸ್ತುವಿಗೆ ಹಾಕಿದ್ರೆ ಆಯ್ತಲ್ವಾ? ಅಯಸ್ಕಾಂತವೂ ಆಗಲಿ, ವಿದ್ಯುತ್ತಿಗೂ ಆಗಲಿ."

ಅಷ್ಟು ಸುಲಭ ಅಲ್ಲ, ಯಾಕೆ ಅಂತ ನೋಡಿ. ಬೇರಿಯಂ ಟೈಟನೇಟ್ ಒಂದು ಫೆರ್ರೋಎಲೆಕ್ಟ್ರಿಕ್, ಅಂದರೆ ತನ್ನೊಳಗೇ ಧನ, ಋಣ ಬದಿಗಳಿರುವ ವಸ್ತು. ಅದರಲ್ಲಿ ಟೈಟಾನಿಯಂ ತನ್ನ ಗೂಡಿನ ನಡುವಿನಿಂದ ಸ್ವಲ್ಪ ಒಂದು ಬದಿಗೆ ಸರಿದು ಕೂರುತ್ತದೆ. ಹಾಗಾಗಿ ಒಂದು ಕಡೆ ಧನ, ಒಂದು ಕಡೆ ಋಣ. ಸುಮಾರು 120 ಡಿಗ್ರಿ ದಾಟಿದರೆ ಮತ್ತೆ ನಡುವಿಗೆ ಬರುತ್ತದೆ, ಗುಣ ಹೋಗುತ್ತದೆ. ಟೈಟಾನಿಯಂ ಸರಿಯುವುದು ಯಾಕೆ? ಅದರ ಡಿ ಕಕ್ಷೆ (ಎಲೆಕ್ಟ್ರಾನು ಕೂರುವ ಒಂದು ಬಗೆಯ ಕೋಣೆ) ಖಾಲಿ ಇದೆ, ಆಕ್ಸಿಜನ್ನಿನ ಎಲೆಕ್ಟ್ರಾನು ಅಲ್ಲಿಗೆ ಕೈ ಚಾಚುತ್ತದೆ. ಆದರೆ ಅಯಸ್ಕಾಂತ ಆಗಬೇಕಾದರೆ ಅದೇ ಡಿ ಕಕ್ಷೆಯಲ್ಲಿ ಜೋಡಿಯಾಗದ ಎಲೆಕ್ಟ್ರಾನು ಇರಬೇಕು. ಒಂದು ಕೆಲಸಕ್ಕೆ ಕೋಣೆ ಖಾಲಿ ಬೇಕು, ಇನ್ನೊಂದಕ್ಕೆ ತುಂಬಿರಬೇಕು. ಕಾಂತೀಯ ಫೆರ್ರೋಎಲೆಕ್ಟ್ರಿಕ್ ಯಾಕೆ ಇಷ್ಟು ಅಪರೂಪ ಅಂತ ನಿಕೋಲಾ ಸ್ಪಾಲ್ಡಿನ್ 2000ದಲ್ಲಿ ಹೀಗೆ ಬಿಡಿಸಿ ಹೇಳಿದರು.

ದಾರಿ ಇಲ್ಲದೆ ಇಲ್ಲ. ಎರಡು ಕೆಲಸವನ್ನು ಎರಡು ಬೇರೆ ಪರಮಾಣುವಿಗೆ ಕೊಡಿ. ಬಿಸ್ಮತ್ ಫೆರೈಟ್‌ನಲ್ಲಿ ಬಿಸ್ಮತ್‌ನ ಒಂಟಿ ಜೋಡಿ ಪರಮಾಣುವನ್ನು ಪಕ್ಕಕ್ಕೆ ತಳ್ಳಿ ವಿದ್ಯುತ್ತಿನ ಕೆಲಸ ನೋಡಿಕೊಳ್ಳುತ್ತದೆ. ಕಬ್ಬಿಣ ಕಾಂತದ ಕೆಲಸ ನೋಡಿಕೊಳ್ಳುತ್ತದೆ. 2003ರಲ್ಲಿ ಆರ್. ರಮೇಶ್ ಅವರ ತಂಡ ಇದರ ತೆಳು ಪದರ ಬೆಳೆಸಿ ತೋರಿಸಿದ ಮೇಲೆ ಈ ಕ್ಷೇತ್ರಕ್ಕೆ ಹೊಸ ಜೀವ ಬಂತು. ಪೂರ್ತಿ ಗೆದ್ದಂತೆ ಅಲ್ಲ. ಕಬ್ಬಿಣದ ಪಕ್ಕಪಕ್ಕದ ಕಾಂತಗಳು ಎದುರುಬದುರು ನಿಲ್ಲುವುದರಿಂದ ಹೊರಗೆ ಕಾಣುವ ಕಾಂತತೆ ತುಂಬ ಕಡಿಮೆ.

"ಬೋಟಿನ ಇಂಜಿನ್ ಶಾಖ ಸುಮ್ನೆ ಹೋಗ್ತದೆ. ಅದರಿಂದ ಕರೆಂಟ್ ಮಾಡುವ ಕಲ್ಲು ಉಂಟಂತೆ, ಹೌದಾ?"

ಉಂಟು, ಥರ್ಮೋಎಲೆಕ್ಟ್ರಿಕ್ ಅಂತಾರೆ. ಒಂದು ತುದಿ ಬಿಸಿ, ಒಂದು ತುದಿ ತಣ್ಣಗಿದ್ದರೆ ಕರೆಂಟು ಹುಟ್ಟುತ್ತದೆ. 1977ರಲ್ಲಿ ಹೊರಟ ವಾಯೇಜರ್ ನೌಕೆಗಳು ಸಿಲಿಕಾನ್-ಜರ್ಮೇನಿಯಂನ ಇಂಥ ಜೋಡಿಗಳಿಂದಲೇ ಕರೆಂಟು ಪಡೆಯುತ್ತವೆ. ಕಷ್ಟ ಏನೆಂದರೆ ಕರೆಂಟು ಸಲೀಸಾಗಿ ಹರಿಯಬೇಕು, ಶಾಖ ಹರಿಯಬಾರದು. ಶಾಖ ಹರಿದುಬಿಟ್ಟರೆ ಎರಡೂ ತುದಿ ಒಂದೇ ಬಿಸಿಗೆ ಬಂದು ಆಟ ಮುಗಿಯುತ್ತದೆ.

ಬಂಧ ಇಲ್ಲೂ ದಾರಿ ಕೊಡುತ್ತದೆ. ಶಾಖ ಒಯ್ಯುವುದು ಪರಮಾಣುಗಳ ಕಂಪನ. ಬಂಧ ಅಲ್ಲಲ್ಲಿ ಸಡಿಲ ಇದ್ದರೆ, ಒಂಟಿ ಜೋಡಿ ಪಕ್ಕದವರನ್ನು ತಳ್ಳುತ್ತಿದ್ದರೆ, ಕಂಪನ ದಾರಿ ತಪ್ಪುತ್ತದೆ. ಟಿನ್ ಸೆಲೆನೈಡ್ ಹೀಗೆ ಶಾಖ ತಡೆಯುತ್ತದೆ ಅಂತ 2014ರಲ್ಲಿ ಕನಾಟ್‌ಜಿಡಿಸ್ ಅವರ ತಂಡ ತೋರಿಸಿತು. ಬೆಂಗಳೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಕನಿಷ್ಕ ಬಿಸ್ವಾಸ್ ಅವರ ತಂಡ 2021ರಲ್ಲಿ ಬೆಳ್ಳಿ, ಆಂಟಿಮನಿ, ಟೆಲ್ಯುರಿಯಂನ ಸಂಯುಕ್ತಕ್ಕೆ ಸ್ವಲ್ಪ ಕ್ಯಾಡ್ಮಿಯಂ ಸೇರಿಸಿ, ಪರಮಾಣುಗಳ ಸಾಲು ಸರಿಮಾಡಿ, ಎಲೆಕ್ಟ್ರಾನಿಗೆ ದಾರಿ ಸುಗಮ ಮಾಡಿತು. ಬೋಟಿಗೆ ಇವತ್ತೇ ಹಾಕಿಸಿ ಅಂತ ನಾನು ಹೇಳುವುದಿಲ್ಲ. ಅಂಗಡಿಯಲ್ಲಿ ಸಿಗುವವುಗಳ ದಕ್ಷತೆ ಇನ್ನೂ ಒಂದಂಕಿ ಶೇಕಡಾದಲ್ಲೇ ಇದೆ.

"ಗಾಳಿಯಿಂದ ನೀರು ಹಿಡಿಯುವ ಪುಡಿಗೆ 2025ರಲ್ಲಿ ನೊಬೆಲ್ ಬಂತಲ್ಲ, ನಮ್ಮ ಕರಾವಳಿಗೆ ಆಗ್ತದಾ?"

ನೊಬೆಲ್ ಬಂದದ್ದು ಲೋಹ-ಸಾವಯವ ಚೌಕಟ್ಟುಗಳಿಗೆ (ಎಂಒಎಫ್): ಸುಸುಮು ಕಿಟಗಾವ, ರಿಚರ್ಡ್ ರಾಬ್ಸನ್, ಒಮರ್ ಯಾಗಿ. ಲೋಹದ ಗಂಟು, ಕಾರ್ಬನ್ನಿನ ಕೋಲು, ನಡುವೆ ಖಾಲಿ ಕೋಣೆ. ನೀರು ಹಿಡಿಯುವುದು ಅದರ ಒಂದು ಉಪಯೋಗ ಮಾತ್ರ.

ನನಗೆ ಇಲ್ಲಿ ಇಷ್ಟವಾಗುವುದು ಬಂಧದ ಹದ. ಗಂಟು-ಕೋಲಿನ ಬಂಧ ತೀರಾ ಗಟ್ಟಿಯಾದರೆ ಕಟ್ಟುವಾಗ ಆದ ತಪ್ಪು ಹಾಗೇ ಉಳಿಯುತ್ತದೆ, ಸ್ಫಟಿಕ ಬೆಳೆಯುವುದಿಲ್ಲ. ತೀರಾ ಸಡಿಲವಾದರೆ ನಿಲ್ಲುವುದಿಲ್ಲ. ಯಾಗಿ ಅವರ ತಂಡ 1999ರಲ್ಲಿ ಮಾಡಿದ ಎಂಒಎಫ್-5ರಲ್ಲಿ ಸತುವಿನ ಗಂಟು. ಅದು ತೇವಕ್ಕೆ ಕುಸಿಯುತ್ತದೆ, ನಮ್ಮ ಜುಲೈ ಗಾಳಿಯಲ್ಲಿ ತೆರೆದಿಟ್ಟರೆ ಬಾಳುವುದಿಲ್ಲ. ಜಿರ್ಕೋನಿಯಂ ಗಂಟಿನ ಯುಐಒ-66 ಅನ್ನು 2008ರಲ್ಲಿ ಓಸ್ಲೋದಲ್ಲಿ ಮಾಡಿದರು. ಜಿರ್ಕೋನಿಯಂನ ವಿದ್ಯುದಂಶ ನಾಲ್ಕು, ಸತುವಿನದು ಎರಡು. ಹಾಗಾಗಿ ಆಕ್ಸಿಜನ್ನಿನ ಹಿಡಿತ ಬಿಗಿ, ನೀರಿಗೆ ಹೆದರುವುದಿಲ್ಲ. ಕರಾವಳಿಗೆ ಏನಾದರೂ ಮಾಡುವುದಾದರೆ ಈ ಥರದ್ದರಿಂದ ಶುರು ಮಾಡಬೇಕು.

"ಹರಿದ್ರೆ ತಾನೇ ಕೂಡಿಕೊಳ್ಳುವ ಪ್ಲಾಸ್ಟಿಕ್ ನಿಜವಾ?"

ನಿಜ. ಬಿಟ್ಟು ಮತ್ತೆ ಹಿಡಿಯುವ ಬಂಧ ಒಳಗೆ ಇಟ್ಟರೆ ಆಯಿತು. 2008ರಲ್ಲಿ ಫ್ರಾನ್ಸ್‌ನ ಲುಡ್ವಿಕ್ ಲೈಬ್ಲರ್ ಅವರ ತಂಡ ಹೈಡ್ರೋಜನ್ ಬಂಧದ ರಬ್ಬರ್ ಮಾಡಿತು. ಕತ್ತರಿಸಿದ ತುದಿಗಳನ್ನು ಒತ್ತಿ ಹಿಡಿದರೆ ಕೂಡಿಕೊಳ್ಳುತ್ತಿತ್ತು. 2011ರಲ್ಲಿ ಅದೇ ತಂಡದ ವಿಟ್ರಿಮರ್‌ಗಳು ಬಂದವು. ಬಿಸಿ ಮಾಡಿದಾಗ ಎಸ್ಟರ್ ಬಂಧಗಳು ಜೋಡಿ ಬದಲಿಸಿಕೊಳ್ಳುತ್ತವೆ. ಗಟ್ಟಿ ಎಪಾಕ್ಸಿಯನ್ನೂ ಮತ್ತೆ ಬೇರೆ ಆಕಾರಕ್ಕೆ ತರಬಹುದು.

## ಇನ್ನೂ ಆಳಕ್ಕೆ

"ಎಂ.ಎಸ್ಸಿ.ಯಲ್ಲಿ 'ಮೆಟಾವೇಲೆಂಟ್' ಅಂತ ಹೊಸ ಬಂಧ ಕೇಳಿದೆ. ಅದು ನಿಜಕ್ಕೂ ಬೇರೆಯಾ?"

ಇದು ಇನ್ನೂ ಚರ್ಚೆಯಲ್ಲಿರುವ ವಿಷಯ. ಜರ್ಮೇನಿಯಂ, ಆಂಟಿಮನಿ, ಟೆಲ್ಯುರಿಯಂ ಸೇರಿದ ವಸ್ತುವನ್ನು ಮತ್ತೆ ಮತ್ತೆ ಬರೆಯಬಹುದಾದ ಡಿವಿಡಿಗಳಲ್ಲಿ ಬಳಸುತ್ತಿದ್ದರು. ಲೇಸರ್ ಹೊಡೆತಕ್ಕೆ ಸ್ಫಟಿಕ ಕದಡುತ್ತದೆ, ಇನ್ನೊಂದು ಥರದ ಹೊಡೆತಕ್ಕೆ ಮತ್ತೆ ಸಾಲಾಗುತ್ತದೆ. ಎರಡು ಸ್ಥಿತಿಯಲ್ಲಿ ಹೊಳಪೂ ಬೇರೆ, ಕರೆಂಟು ಹರಿಯುವ ರೀತಿಯೂ ಬೇರೆ. ಪರಮಾಣು ಅವೇ, ಹಾಗಾದರೆ ಬದಲಾದದ್ದು ಬಂಧ.

ಸ್ಫಟಿಕದಲ್ಲಿ ಇಬ್ಬರ ನಡುವೆ ಎರಡು ಎಲೆಕ್ಟ್ರಾನಿನ ಬದಲು ಸುಮಾರು ಒಂದೇ ಹಂಚಿಕೆಯಾಗಿದೆ ಅಂತ ಮಥಿಯಾಸ್ ವುಟ್ಟಿಗ್ ಮತ್ತು ಜೊತೆಗಾರರು 2018ರಲ್ಲಿ ವಾದಿಸಿ ಈ ಹೆಸರು ಕೊಟ್ಟರು. ಇದಕ್ಕೆ ಹೊಸ ಹೆಸರು ಬೇಡ, ಎರಡಕ್ಕಿಂತ ಹೆಚ್ಚು ಪರಮಾಣು ಹಂಚಿಕೊಳ್ಳುವ ಹಳೆಯ ಬಹುಕೇಂದ್ರ ಬಂಧದ ವಿವರಣೆಯೇ ಸಾಕು ಅನ್ನುವವರೂ ಇದ್ದಾರೆ. ಹೆಸರಿನ ಜಗಳ ಬದಿಗಿಟ್ಟು ಗುಣ ನೋಡಿ ಅಂತ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ: ಲೋಹಕ್ಕೂ ಸಹವೇಲೆನ್ಸಿಗೂ ನಡುವಿನ ಈ ಅಂಚಿನಲ್ಲೇ ಒಳ್ಳೆಯ ಥರ್ಮೋಎಲೆಕ್ಟ್ರಿಕ್‌ಗಳೂ ಗುಂಪಾಗಿ ಕೂತಿವೆ.

"ಎಐ ಲಕ್ಷಗಟ್ಟಲೆ ವಸ್ತು ಕಂಡುಹಿಡೀತದಂತೆ. ಇನ್ನು ಬಂಧ ಕಲಿತು ಎಂತ ಪ್ರಯೋಜನ?"

2023ರಲ್ಲಿ ಗೂಗಲ್ ಡೀಪ್‌ಮೈಂಡ್ 22 ಲಕ್ಷ ಹೊಸ ಸ್ಫಟಿಕಗಳನ್ನು ಊಹಿಸಿತು. ಅದರಲ್ಲಿ 3.8 ಲಕ್ಷ ಹೆಚ್ಚು ಸ್ಥಿರ ಅಂತ ಗುರುತಿಸಿತು. ಸ್ಥಿರ ಅನ್ನುವುದು ಬೇರೆ, ಉಪಯೋಗ ಅನ್ನುವುದು ಬೇರೆ. ಆ ಪಟ್ಟಿಯಿಂದ ಹತ್ತನ್ನು ಆರಿಸಿ ಲ್ಯಾಬಿಗೆ ತರಬೇಕಾದರೆ ಯಾವ ಪರಮಾಣುವಿಗೆ ಒಂಟಿ ಜೋಡಿ ಇದೆ, ಯಾವುದು ತೇವಕ್ಕೆ ಕುಸಿಯುತ್ತದೆ ಅಂತ ಗೊತ್ತಿರಬೇಕು. ಲೆಕ್ಕ ಮಾಡಿ ನೋಡುವ ಆಸೆ ಇದ್ದರೆ ಕ್ವಾಂಟಂ ಎಸ್ಪ್ರೆಸ್ಸೊ ಅನ್ನುವ ತಂತ್ರಾಂಶ ಉಚಿತ. ಸಣ್ಣ ಸ್ಫಟಿಕದ ಲೆಕ್ಕ ಮನೆಯ ಕಂಪ್ಯೂಟರಿನಲ್ಲೂ ಆಗುತ್ತದೆ.

"ಮಗಳು ಪಿಯುಸಿ ಮುಗಿಸ್ತಾಳೆ. ಇದನ್ನು ಓದಬೇಕಾದ್ರೆ ಊರು ಬಿಡಬೇಕಾ?"

ಕೂಡಲೇ ಬಿಡಬೇಕಾಗಿಲ್ಲ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಲೋಹ ಮತ್ತು ವಸ್ತು ಇಂಜಿನಿಯರಿಂಗ್ ವಿಭಾಗ ಇದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ, ಮಣಿಪಾಲದಲ್ಲಿ ರಸಾಯನಶಾಸ್ತ್ರ ಓದಬಹುದು. ಗೇರಿನ ಬಗ್ಗೆ ಆಸಕ್ತಿ ಇದ್ದರೆ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ ಒಮ್ಮೆ ನೋಡಿ ಬನ್ನಿ. ಡಿಗ್ರಿಯಲ್ಲಿರುವಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ನಡೆಸುವ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿಸಿ.

ಅಲ್ಲಿಯವರೆಗೆ ಮನೆಯಲ್ಲೇ ಒಂದು ಕೆಲಸ ಕೊಡಿ. ಗಟ್ಟಿ ಗೋಧಿ ಹಿಟ್ಟಿನ ಉಂಡೆ, ಹಿಡಿಸೂಡಿಯ (ಪೊರಕೆಯ) ಕಡ್ಡಿ. ಒಂದೊಂದು ಉಂಡೆಗೆ ನಾಲ್ಕು ಕಡ್ಡಿ ಚುಚ್ಚಿ ವಜ್ರ ಕಟ್ಟಲಿ. ಇನ್ನೊಂದರಲ್ಲಿ ಮೂರೇ ಕಡ್ಡಿ, ಆರು ಮೂಲೆಯ ಎರಡು ಪದರ ಒಂದರ ಮೇಲೊಂದು. ಉಂಡೆ ಒಣಗಿದ ಮೇಲೆ ಎರಡನ್ನೂ ಬದಿಯಿಂದ ಬೆರಳಲ್ಲಿ ತಳ್ಳಿ ನೋಡಲಿ. ಯಾವುದು ಜಾರಿತು, ಯಾಕೆ ಜಾರಿತು ಅಂತ ಒಂದು ಪುಟ ಬರೆದು ಕೊಟ್ಟರೆ ನಾನು ಓದುತ್ತೇನೆ.